ಹಿತ್ತಾಳೆ ಟೋಪಿಯೂ ನನ್ನ ಹೊಟ್ಟೆಯೂ

ಕೈಗೆ ಸಿಗದದ್ದರ ಮೇಲೆ ಮನುಷ್ಯನಿಗಿರುವ ಪ್ರೀತಿ ಸಿಕ್ಕಿದ್ದರ ಮೇಲೆ ಇರುವುದಿಲ್ಲ ಎಂದು ನಾನು ಹೇಳಿದರೆ ನನ್ನ ಹೆಂಡತಿ ಸುಭದ್ರೆಗೆ ಸಿಟ್ಟು ಬರುತ್ತದೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಜೀವಮಾನವೆಲ್ಲ ಹಂಬಲಿಸಿದ್ದು ಒಂದು ಹಿತ್ತಾಳೆ ಟೋಪಿಗಾಗಿ. ಅದನ್ನು ಹಾಕಿಕೊಂಡು ಒಂದೇ ಒಂದು ಸಲ ಏಣಿಯ ತುದಿ ಮುಟ್ಟಬೇಕು, ಅಲ್ಲಿಂದ ಮಸೀದಿಯ ಗುಮ್ಮಟಗಳನ್ನೂ ಎಲೆಬಳ್ಳಿಯ ತೋಟಗಳನ್ನೂ ನಮ್ಮ ಮನೆಯ ಮಾಳಿಗೆಯನ್ನೂ ನೋಡಬೇಕು, ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವ ಸುಭದ್ರೆ ನನ್ನನ್ನು ನೋಡಬೇಕು. ಇಷ್ಟೇ.

ಎರಡನೇ ಮಹಾಯುದ್ಧದ ಕಾಲ. ಸವಣೂರಿನಲ್ಲಿ ಬೆಂಕಿ ಆರಿಸಲು ಒಂದು ದಳ ಕಟ್ಟಿದ್ದರು. ದಳವೆಂದರೆ ಎತ್ತಿನ ಗಾಡಿಯ ಮೇಲೆ ಕೂರಿಸಿದ ಒಂದು ಕೈಪಂಪು, ಎಲೆತೋಟದಿಂದ ತಂದ ಉದ್ದನೆಯ ಬಿದಿರಿನ ಏಣಿ, ಆರು ಜನ, ಆರು ಟೋಪಿ. ಇವರಿಗೆಲ್ಲ ಮುಖ್ಯಸ್ಥರು ಊರ ಗರಡಿಯಾದ ತಾಲೀಮಿನಲ್ಲಿ ಕುಸ್ತಿ ಕಲಿಸುವ ಉಸ್ತಾದ ಇಮಾಮಸಾಬರು. ಆರು ಜನರಲ್ಲಿ ಒಬ್ಬ ಹಿರೇಕೆರೂರಿಗೆ ಮನೆ ಅಳಿಯನಾಗಿ ಹೋದದ್ದರಿಂದ ಅವನ ಟೋಪಿ ತಾಲೀಮಿನ ಗೂಟದಲ್ಲಿ ಒಂಟಿಯಾಗಿ ನೇತಾಡುತ್ತಿತ್ತು. ಕಚೇರಿಗೆ ಹೋಗುವಾಗ ನಾನು ಅದನ್ನು ನೋಡುತ್ತಿದ್ದೆ, ಬರುವಾಗ ಅದು ನನ್ನನ್ನು ನೋಡುತ್ತಿತ್ತು. ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನನಗಾಗ ಮೂವತ್ತೊಂಬತ್ತು. ಇದೊಂದು ವರ್ಷ ತಪ್ಪಿದರೆ ಮುಗಿಯಿತು.

ಅಡ್ಡಿಯಾಗಿದ್ದದ್ದು ನನ್ನ ಹೊಟ್ಟೆ. ಕಚೇರಿಯ ಕುರ್ಚಿ ಮತ್ತು ಖಾರ ಎಂದು ಹೆಸರಾದ ಸವಣೂರಿನ ಕರಿದ ಕುರುಕಲು ತಿಂಡಿ, ಇವೆರಡೂ ಸೇರಿ ಹದಿನೈದು ವರ್ಷ ದುಡಿದು ಬೆಳೆಸಿದ ಹೊಟ್ಟೆ ಅದು. ಖಾರದ ಪುಡಿಕೆ ಬಿಚ್ಚದೆ ಒಂದು ಕಾಗದವೂ ನನ್ನ ಮೇಜಿನಿಂದ ಮುಂದೆ ಸರಿಯುತ್ತಿರಲಿಲ್ಲ. ಆದರೂ ಧೈರ್ಯ ಮಾಡಿ ಪರೀಕ್ಷೆಗೆ ಹೋದೆ. ಪೈಪೋಟಿಗೆ ಬಂದವನು ಬಸವಣ್ಣೆಪ್ಪ, ಉಸ್ತಾದರ ಶಿಷ್ಯ, ಕುಸ್ತಿಯ ಆಳು. ನಮ್ಮಿಬ್ಬರನ್ನೂ ಹತ್ತಿ ತೂಗುವ ದೊಡ್ಡ ತಕ್ಕಡಿಯ ಎರಡು ಪರಡಿಗಳಲ್ಲಿ ಕೂರಿಸಿದರು. ತಕ್ಕಡಿ ಅತ್ತಿತ್ತ ತೂಗಿ ಸರಿಸಮನಾಗಿ ನಿಂತಿತು. "ಸಮ ಆತು ನೋಡ್ರಿ!" ಎಂದು ನಾನು ಕೂತಲ್ಲಿಂದಲೇ ಕೂಗಿದೆ. ನನ್ನಷ್ಟು ಸಂತೋಷ ಆ ದಿನ ಊರಿನಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ.

"ತೂಕ ಸಮ ಐತ್ರಿ ರಾಯರ. ಮಾಲು ಯಾವುದು ಅಂತ ನೋಡಬೇಕಲ್ರೀ?" ಎಂದರು ಉಸ್ತಾದರು. ಅವರ ಪರೀಕ್ಷೆ ಬೇರೆಯದೇ ಆಗಿತ್ತು. ಸೊಂಟದ ಮೇಲಿನ ಚರ್ಮವನ್ನು ಎರಡು ಬೆರಳಿನಿಂದ ಹಿಡಿಯುವರು. ಬೆರಳಿಗೆ ಸಿಕ್ಕಿದ್ದೆಲ್ಲ ಕೊಬ್ಬು, ಸಿಗದೆ ಉಳಿದದ್ದು ಕಸುವು. ಬಸವಣ್ಣೆಪ್ಪನ ಮೈಮೇಲೆ ಅವರ ಬೆರಳು ಕಲ್ಲಿನ ಮೇಲೆ ಜಾರಿದಂತೆ ಜಾರಿತು. ನನ್ನ ಸರದಿ ಬಂದಾಗ ನಾನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ ನಿಂತೆ. ಉಸ್ತಾದರು ಕೈ ಮುಂದೆ ಮಾಡಲೇ ಇಲ್ಲ. "ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?" ಎಂದರು. ತಲೆ ಆಡಿಸಿದೆ. "ಹಾನಗಲ್ಲಿಗೆ ಕೊಟ್ಟ ತಂಗಿ ಬಂದಿದ್ರಂತ?" ಮತ್ತೆ ತಲೆ ಆಡಿಸಿದೆ, ಕಣ್ಣಿಗೆ ಕತ್ತಲೆ ಬರತೊಡಗಿತ್ತು. "ಈ ವರ್ಷ ಖಾರ ಮೊದಲಿನ ರುಚಿ ಇಲ್ಲ ಬಿಡ್ರಿ" ಎಂದಾಗ ಮಾತ್ರ ತಡೆಯಲಾಗಲಿಲ್ಲ. "ಛೇ ಛೇ, ಯಾರು ಹೇಳಿದ್ರು ನಿಮಗ!" ಎಂದುಬಿಟ್ಟೆ. ಹೊಟ್ಟೆ ತನ್ನ ಜಾಗಕ್ಕೆ ಬಂತು, ಉಸ್ತಾದರ ಹಿಡಿಗೆ ಹಿಡಿತುಂಬ ಸಿಕ್ಕಿತು.

ಟೋಪಿ ಬಸವಣ್ಣೆಪ್ಪನಿಗೆ ಹೋಯಿತು. ಮನೆಗೆ ಬಂದು ಸುದ್ದಿ ಹೇಳಿದೆ. "ಇರ್ಲಿ ಬಿಡ್ರಿ. ಅದನ್ನ ಹಾಕ್ಕೊಂಡ್ರ ನಿಮ್ಮ ತಲಿ ಹಾಲು ಕಾಯಿಸೋ ಪಾತೇಲಿ ಕಂಡಂಗ ಕಾಣತಿತ್ತು" ಎಂದು ಸುಭದ್ರೆ ಸಮಾಧಾನ ಹೇಳಿದಳು. ಅವಳ ಸಮಾಧಾನದ ರೀತಿಯೇ ಹಾಗೆ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಹತ್ತಿ ಅಂಗಡಿಯ ಮಹಡಿಗೆ ಬೆಂಕಿ ಬಿತ್ತು. ಬಸವಣ್ಣೆಪ್ಪ ಟೋಪಿ ಹಾಕಿಕೊಂಡು ಏಣಿ ಏರಿದ. ಇಳಿಜಾರಿನ ನೆಲ, ಅರ್ಧ ಏರುವಷ್ಟರಲ್ಲಿ ಏಣಿ ಜಾರತೊಡಗಿತು. ಎಲೆತೋಟದಲ್ಲಿ ಒಬ್ಬ ಮೇಲೆ ಹತ್ತಿದರೆ ಇನ್ನೊಬ್ಬ ಕೆಳಗಿನ ಮೆಟ್ಟಿಲ ಮೇಲೆ ಭಾರ ಹಾಕಿ ಕೂರುವ ರೂಢಿ. ಉಸ್ತಾದರು ಸುತ್ತ ನೋಡಿದರು. ಅವರ ಕಣ್ಣು ಗುಂಪಿನಲ್ಲಿ ನಿಂತ ನನ್ನ ಮೇಲೆ ಬಿತ್ತು. "ರಾಯರ! ಓಡಿ ಬರ್ರಿ! ಕುಂದರ್ರಿ!" ನಾನು ಓಡಿಹೋಗಿ ಕೂತೆ. ಏಣಿ ಅಲುಗಾಡಲಿಲ್ಲ. ಮೇಲೆ ಬಸವಣ್ಣೆಪ್ಪ ನೀರು ಹೊಡೆದ, ಆ ನೀರೆಲ್ಲ ನನ್ನ ತಲೆಯ ಮೇಲೆ ಇಳಿಯಿತು. ಬೆಂಕಿ ಆರಿದ ಮೇಲೆ ಉಸ್ತಾದರು ನನ್ನ ಬೆನ್ನು ತಟ್ಟಿ, "ಇನ್ನ ಮ್ಯಾಲ ಏಣಿ ಬುಡ ನಿಮ್ದರಿ" ಎಂದರು. ಬುಡದವನಿಗೆ ಟೋಪಿ ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ತೃಪ್ತಿಪಡುತ್ತಿದ್ದರು. ನನಗೆ ಮಾತ್ರ ಬುಡದಲ್ಲಿ ಕೂತಷ್ಟೂ ತುದಿಯ ಹಂಬಲ ಹೆಚ್ಚಾಯಿತು. ಖಾರ ಬಿಟ್ಟೆ. ನಸುಕಿನಲ್ಲಿ ಎದ್ದು ಹಿತ್ತಲಲ್ಲಿ ಬೈಠಕ್ ಹೊಡೆದೆ. ಬಾವಿಯಿಂದ ನಾನೇ ನೀರು ಸೇದಿದೆ. ಇದನ್ನು ಕಂಡ ಸುಭದ್ರೆ ಮೊದಲು ಹೆದರಿದಳು, ಆಮೇಲೆ ಓಣಿಯವರ ಕೊಡಗಳನ್ನೂ ತಂದು ಸಾಲಾಗಿ ಇಟ್ಟಳು. ಆರು ತಿಂಗಳಲ್ಲಿ ಧೋತರ ಒಂದು ಸುತ್ತು ಹೆಚ್ಚಿಗೆ ಬಂತು. ನಲವತ್ತು ತುಂಬಲು ಒಂದು ವಾರವಿದೆ ಎನ್ನುವಾಗ ತಾಲೀಮಿಗೆ ಹೋಗಿ ಉಸ್ತಾದರ ಮುಂದೆ ಅಂಗಿ ಎತ್ತಿ ನಿಂತೆ. ಅವರ ಬೆರಳಿಗೆ ಏನೂ ಸಿಕ್ಕಲಿಲ್ಲ. ಅವರ ಮುಖ ಬಾಡಿತು.

"ಇದೇನ್ ಮಾಡ್ಕೊಂಡ್ರಿ ರಾಯರ! ಇನ್ನ ಏಣಿ ಬುಡಕ್ಕ ಯಾರನ್ನ ಕೂಡಸಲಿ?"

ಟೋಪಿಗಳು ಆರೇ, ತಲೆಗಳೂ ಆರು ಇದ್ದವು. ಉಸ್ತಾದರು ನನ್ನ ಮುಖ ನೋಡಿದರು. ಆಮೇಲೆ ಗೂಟದಿಂದ ಬಸವಣ್ಣೆಪ್ಪನ ಟೋಪಿ ತೆಗೆದು ತಾವೇ ನನ್ನ ತಲೆಯ ಮೇಲೆ ಇಟ್ಟರು. ತಾಲೀಮಿನ ಗೋಡೆಗೆ ಏಣಿ ಆನಿಸಿ, "ಒಂದ್ ಸಲ ಹತ್ತಿ ಬರ್ರಿ" ಎಂದು ತಾವೇ ಬುಡದಲ್ಲಿ ಕೂತರು. ವಯಸ್ಸಾದ ಸಣಕಲು ಮನುಷ್ಯ. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಒಂದು ಮೆಟ್ಟಿಲು, ಎರಡು, ಮೂರು, ನಾಲ್ಕು. ಅಲ್ಲಿಗೆ ಏಣಿ ಉಸ್ತಾದರ ಸಮೇತ ಜಾರತೊಡಗಿತು. ನಾಲ್ಕನೆಯ ಮೆಟ್ಟಿಲಿನಿಂದ ನನಗೆ ಕಂಡದ್ದು ಪಕ್ಕದ ಮನೆಯ ಹಿತ್ತಲು ಮತ್ತು ಕಟ್ಟಿಹಾಕಿದ ಒಂದು ಎಮ್ಮೆ. ಗುಮ್ಮಟಗಳೆಲ್ಲ ಇನ್ನೂ ಮೇಲೆಯೇ ಇದ್ದವು.

ಇಳಿದು ಟೋಪಿ ವಾಪಸು ಕೊಟ್ಟೆ. ಆ ಏಣಿಯನ್ನು ನಾನು ತುದಿಯವರೆಗೆ ಏರಬೇಕಾಗಿದ್ದರೆ ಬುಡದಲ್ಲಿ ಕೂರಲು ಆರು ತಿಂಗಳ ಹಿಂದಿನ ನಾನೇ ಬೇಕಾಗಿತ್ತು. ಅವನನ್ನೋ ನಾನೇ ಕೈಯಾರೆ ಕರಗಿಸಿದ್ದೆ. ಉಸ್ತಾದರು ಬಾಗಿಲವರೆಗೆ ಬಂದು, "ದಳಾ ನಿಮ್ಮನ್ನ ನೆಚ್ಚೇತ್ರಿ ರಾಯರ" ಎಂದು ಒಂದು ದೊಡ್ಡ ಪುಡಿಕೆ ಕೈಗಿಟ್ಟರು. ಬಿಸಿ ಖಾರ. ತಾಲೀಮಿನ ಕಟ್ಟೆಯ ಮೇಲೆ ಕೂತು ಪುಡಿಕೆ ಬಿಚ್ಚಿ, ಗೂಟದಲ್ಲಿದ್ದ ಟೋಪಿಯನ್ನು ನೋಡುತ್ತ ನೋಡುತ್ತ, ದಳದ ಕೆಲಸಕ್ಕೆ ಅಂದೇ ಮರಳಿದೆ.