ಅಣಕಕ್ಕೊಂದು ಅನುಚ್ಛೇದ

ಕೈಲಾಗದವನಿಗೆ ಒಂದು ದೇಶ ಕೊಟ್ಟು ನೋಡಬೇಕು. ಮಾರನೇ ದಿನವೇ ಅವನ ಬೆನ್ನು ನೆಟ್ಟಗಾಗುತ್ತದೆ, ದನಿ ಹೊಟ್ಟೆಯಾಳದಿಂದ ಹೊರಡುತ್ತದೆ, ಪ್ರತಿ ಮಾತಿಗೆ ಮುಂಚೆ ಒಂದು ಗಂಭೀರವಾದ ಕೆಮ್ಮು ಬಂದು ಕೂರುತ್ತದೆ. ಇದು ಕೇಳಿ ಹೇಳುತ್ತಿರುವ ಮಾತಲ್ಲ. ಮೈಲಾಪುರದ ನಮ್ಮ ಬಾಡಿಗೆ ಫ್ಲಾಟಿನಲ್ಲಿ, ಬನಿಯನ್ನುಗಳು ಒಣಗುವ ಹಗ್ಗದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ರಾಷ್ಟ್ರದ ಸಂವಿಧಾನ ಬರೆದ ಐವರಲ್ಲಿ ನಾನೂ ಒಬ್ಬ. ಕುಡಿಯುವ ನೀರಿನ ಕ್ಯಾನ್ ಖಾಲಿಯಾದರೆ ಅಂಗಡಿಗೆ ಫೋನ್ ಮಾಡಬೇಕಾದವರು ಯಾರು ಎಂಬುದನ್ನು ಇವತ್ತಿಗೂ ಇತ್ಯರ್ಥ ಮಾಡಿಕೊಳ್ಳಲಾಗದ ನಾನೂ ನನ್ನ ರೂಮ್‌ಮೇಟ್ ಮಂಜುವೂ, ಶಾಸಕಾಂಗ ಎಲ್ಲಿ ಮುಗಿಯಬೇಕು, ನ್ಯಾಯಾಂಗ ಎಲ್ಲಿ ಶುರುವಾಗಬೇಕು ಎಂದು ಗಂಟಲು ಹರಿಯುವಂತೆ ವಾದಿಸಿದ್ದೇವೆ. ಆ ಹೊತ್ತಿನಲ್ಲೂ ಕ್ಯಾನ್ ಖಾಲಿಯಾಗಿಯೇ ಇತ್ತು.

ಇದೊಂದು ರಾಜಕೀಯದ ಆಟ. ಕಂಪ್ಯೂಟರ್ ನಮಗೊಂದು ದ್ವೀಪ ಕೊಡುತ್ತದೆ, ಒಂದಿಷ್ಟು ಕಾಡು, ಒಂದು ಬಂದರು, ಬಡಕಲು ಸೈನ್ಯ. ಪ್ರಜೆಗಳೂ ಕಂಪ್ಯೂಟರಿನವರೇ. ಅವರಿಗೆ ಹಸಿವಾದರೆ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ, ಅಷ್ಟೆ. ಆ ಚುಕ್ಕೆಗಳಿಗೆ ಮೂಲಭೂತ ಹಕ್ಕು ಕೊಡುವುದಕ್ಕಾಗಿ ನಾವು ಭಾನುವಾರದ ನಿದ್ದೆ ಬಿಟ್ಟೆವು. ದೇಶಕ್ಕೆ ಉಪ್ಪುಸೀಮೆ ಎಂದು ಹೆಸರಿಟ್ಟೆವು. ನಿಗದಿಯಾದ ಭಾನುವಾರ ಸಂಜೆಯೊಳಗೆ ಸಂವಿಧಾನ ಅಂಗೀಕಾರವಾಗದಿದ್ದರೆ ಪಕ್ಕದ ದೇಶದವರು ನಮ್ಮನ್ನು ನುಂಗಿ ನೀರು ಕುಡಿಯಬಹುದು ಎಂಬುದು ಆಟದ ನಿಯಮ.

ನಮ್ಮ ಸಂವಿಧಾನ ಶಿಲ್ಪಿಗಳನ್ನು ಪರಿಚಯಿಸಬೇಕು. ಅಧ್ಯಕ್ಷರು ಗುರುರಾಜಣ್ಣ, ವಿಮೆ ಕಚೇರಿಯವರು, ದಾವಣಗೆರೆ ಕಡೆಯವರು. ರಾಷ್ಟ್ರಭಾಷೆಯ ಚರ್ಚೆಯಲ್ಲಿ ಎದ್ದು ನಿಂತು, "ಪ್ಯೂರ್ ಕನ್ನಡ ಈಸ್ ನಾನ್‌ನೆಗೋಷಿಯಬಲ್" ಎಂದು ಘೋಷಿಸಿದ ಮಹನೀಯರು. ರಕ್ಷಣಾ ಸಚಿವೆ ಪ್ರತಿಮಾ, ಪೆರುಂಗುಡಿಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ಹುಟ್ಟಿ ಬೆಳೆದದ್ದೆಲ್ಲ ಈ ತಮಿಳು ಊರಿನಲ್ಲೇ. ಯಾರು ಏನು ಹೇಳಿದರೂ "ಪೋದುಂಪ್ಪಾ, ಸಾಕು" ಎನ್ನುವುದು ಅವಳ ವಿದೇಶಾಂಗ ನೀತಿ. ಮಂಜು ಹಣಕಾಸು ಸಚಿವ. ಅವನ ಬಗ್ಗೆ ಇಷ್ಟು ಹೇಳಿದರೆ ಸಾಕು, ಕೊನೆಯಲ್ಲಿ ಮಾತಾಡಿದವರ ಮಾತೇ ಅವನಿಗೆ ಸರಿ. ಐದನೆಯವರು ಮೂರ್ತಿ ಮಾಮ. ರೈಲ್ವೆಯಿಂದ ನಿವೃತ್ತರಾಗಿ ಪಕ್ಕದ ಬೀದಿಯಲ್ಲೇ ಇರುವವರು, ನಮ್ಮ ವಿರೋಧ ಪಕ್ಷದ ನಾಯಕರು. ಯಾರೇ ವೋಟು ಹಾಕಿದರೂ ಬಾಯಿಬಿಟ್ಟು ಕಾರಣ ಹೇಳಲೇಬೇಕು ಎಂಬ ದರಿದ್ರ ನಿಯಮ ತಂದವರು ಅವರೇ. ಹಾಗಾಗಿ ನಮ್ಮ ಮತದಾನವೆಲ್ಲ ಫೋನಿನಲ್ಲಿ, ಆಟದೊಳಗಿನ ಕರೆಯಲ್ಲಿ, ಬರೀ ದನಿಯಲ್ಲಿ.

ಇನ್ನು ನಾನು. ನನಗೆ ಖಾತೆ ಇರಲಿಲ್ಲ, ಸೈನ್ಯವಿರಲಿಲ್ಲ. ನಾನು ಆಕಾಶವಾಣಿ. ವಾರಕ್ಕೊಮ್ಮೆ ಉಪ್ಪುಸೀಮೆಯ ವಾರ್ತೆ ಓದುತ್ತಿದ್ದೆ, ಅಧ್ಯಕ್ಷರ ಸುದ್ದಿಯನ್ನು ಅಧ್ಯಕ್ಷರ ದನಿಯಲ್ಲಿ, ಸಚಿವೆಯ ಸುದ್ದಿಯನ್ನು ಸಚಿವೆಯ ದನಿಯಲ್ಲಿ. ಮಾಮನ ದನಿಯಂತೂ ನನ್ನ ಕಿರೀಟದ ಮಣಿ. "ನೋಡೀ..." ಎಂದು ಎಳೆದು, ಒಂದು ಸ್ಟೇಷನ್ ದಾಟುವಷ್ಟು ಹೊತ್ತು ಸುಮ್ಮನಿದ್ದು, "ನಾನು ಸರ್ವೀಸಲ್ಲಿದ್ದಾಗ" ಎಂದರೆ ಮಂಜು ನೆಲದ ಮೇಲೆ ಬಿದ್ದು ನಗುತ್ತಿದ್ದ. ಈ ಊರಿನಲ್ಲಿ ನನ್ನ ತಮಿಳು ಆಟೋದವನ ಹತ್ತಿರ ಬಲಕ್ಕೆ ಎಡಕ್ಕೆ ಅನ್ನುವಷ್ಟಕ್ಕೇ ಮುಗಿದುಹೋಗುತ್ತದೆ. ಆಫೀಸಿನ ಊಟದ ಮೇಜಿನಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಗುಟುಕು ತಡವಾಗಿ ನಗುವವನು ನಾನು. ನನ್ನ ನಾಲಿಗೆಗೆ ಬೆಲೆ ಇದ್ದದ್ದು ಜಗತ್ತಿನಲ್ಲಿ ಇದೊಂದೇ ದೇಶದಲ್ಲಿ, ಅದೋ, ಭೂಪಟದಲ್ಲೇ ಇಲ್ಲದ ದೇಶ.

ಅಂಥ ಆಕಾಶವಾಣಿಯ ಕುತ್ತಿಗೆಗೇ ಕತ್ತಿ ಬಂತು. ಒಂದು ವಾರ ತಮಾಷೆಗೆ ಅಧ್ಯಕ್ಷರ ದನಿಯಲ್ಲಿ, "ಬಂದರನ್ನು ಬಿಟ್ಟು ವಾಪಸ್ ಬನ್ನಿ" ಎಂದು ಓದಿದೆ. ಪ್ರತಿಮಾ ಅದನ್ನು ನಂಬಿ ಸೈನ್ಯ ಹಿಂದಕ್ಕೆ ಕರೆಸಿದಳು. ಬಂದರು ಹೋಯಿತು. ತನ್ನ ಅಧ್ಯಕ್ಷನಿಗೂ ನನಗೂ ವ್ಯತ್ಯಾಸ ತಿಳಿಯದ ರಕ್ಷಣಾ ಸಚಿವೆಯನ್ನು ಯಾರೂ ಏನೂ ಅನ್ನಲಿಲ್ಲ. ಗುರುರಾಜಣ್ಣ ಸಂವಿಧಾನಕ್ಕೆ ಹೊಸ ಅನುಚ್ಛೇದ ತಂದರು: ಯಾವ ಪ್ರಜೆಯೂ ಇನ್ನೊಬ್ಬ ಮನುಷ್ಯನ ದನಿಯನ್ನು ಅಣಕಿಸತಕ್ಕದ್ದಲ್ಲ, ಅಣಕಿಸಿದವನಿಗೆ ಮತದಾನದ ಹಕ್ಕಿಲ್ಲ. ವಾಕ್ ಸ್ವಾತಂತ್ರ್ಯದ ಅನುಚ್ಛೇದ ಇದರ ನೆತ್ತಿಯ ಮೇಲೇ ಕೂತಿತ್ತು. ಆಕಾಶವಾಣಿ ಮುಚ್ಚಿದರೆ ನನಗೆ ಮೀನುಗಾರಿಕೆ ಖಾತೆ ಕೊಡುತ್ತೇವೆ ಎಂದರು. ಬಂದರೇ ಇಲ್ಲದ ದೇಶದ ಮೀನುಗಾರಿಕೆ.

ಲೆಕ್ಕ ಹಾಕಿದೆ. ಗುರುರಾಜಣ್ಣ, ಪ್ರತಿಮಾ ಪರ. ನಾನು ವಿರೋಧ, ಮಂಜುಗೆ ದೋಸೆ ಕೊಡಿಸಿ ಅವನನ್ನೂ ವಿರೋಧ ಮಾಡಿಸಿದ್ದೆ. ಮಾಮನ ಮತವೇ ನಿರ್ಣಾಯಕ. ನೀತಿ ನಿಯಮ ಎಂದು ಉಸಿರಾಡುವ ಮನುಷ್ಯ, ಅಣಕದ ಪರ ನಿಲ್ಲುತ್ತಾರೆಯೇ? ಭಾನುವಾರ ಮಧ್ಯಾಹ್ನ ಅವರೇ ಫೋನ್ ಮಾಡಿದರು. "ಲೋ, ತಂಗಿ ಬರ್ತಿದಾಳೆ, ಎಗ್ಮೋರ್ ಸ್ಟೇಷನ್ನಿಗೆ ಹೊರಟಿದ್ದೀನಿ. ರೈಲು ಲೇಟು. ಇವತ್ತು ನಾನಿಲ್ಲ ಕಣಪ್ಪ, ನೀವೇ ನೋಡ್ಕೊಳ್ಳಿ. ಅವರಿಗೂ ಹೇಳ್ಬಿಡು."

ಹೇಳಬಹುದಿತ್ತು. ಹೇಳಲಿಲ್ಲ. ಅವರಿಲ್ಲದಿದ್ದರೆ ಲೆಕ್ಕ ಎರಡಕ್ಕೆ ಎರಡರಲ್ಲೇ ನಿಲ್ಲುತ್ತಿತ್ತು. ಮಾಮನಿಗೆ ಆಟದಲ್ಲಿ ಅಕೌಂಟ್ ಮಾಡಿಕೊಟ್ಟವನು ನಾನು, ಪಾಸ್‌ವರ್ಡ್ ಇಟ್ಟವನೂ ನಾನು, ಅವರ ಕೆಮ್ಮು ಕಲಿತವನೂ ನಾನು. ಸಭೆಯಲ್ಲಿ ಮೊದಲು ನನ್ನ ವಿರೋಧ ದಾಖಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಮಂಜುಗೆ ಹೊಟ್ಟೆ ಸರಿಯಿಲ್ಲ ಎಂದು ಸನ್ನೆ ಮಾಡಿ, ಫೋನ್ ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಮಾಮನ ಅಕೌಂಟಿನಿಂದ ಕರೆಗೆ ಸೇರಿದೆ. ನಮ್ಮ ಬಚ್ಚಲು ಗುಂಯ್ ಎನ್ನುತ್ತದೆ. ಪ್ಲಾಟ್‌ಫಾರ್ಮಿಗೆ ಅದಕ್ಕಿಂತ ಬೇಕೇ.

"ನೋಡೀ... ನಾನು ಎಗ್ಮೋರಲ್ಲಿದ್ದೀನಿ."

"ಪರವಾಗಿಲ್ಲ ಮಾಮ, ಅನುಚ್ಛೇದದ ಬಗ್ಗೆ ಕಾರಣ ಸಮೇತ ಹೇಳಿ" ಎಂದರು ಗುರುರಾಜಣ್ಣ.

ವಿರೋಧ, ಎಂದು ಹೇಳಿ ಕಟ್ ಮಾಡಬೇಕಿತ್ತು. ಆದರೆ ಆ ದನಿಯೊಳಗೆ ಒಮ್ಮೆ ಹತ್ತಿದರೆ ನಡುವೆ ಇಳಿಯುವ ಹಾಗಿಲ್ಲ. "ನಾನು ಸರ್ವೀಸಲ್ಲಿದ್ದಾಗ..." ಎಂದು ಬಾಯಿ ತಾನೇ ಹೊರಟಿತು. ಒಬ್ಬ ಕ್ಯಾಂಟೀನ್ ಹುಡುಗ ಅನೌನ್ಸ್‌ಮೆಂಟಿನವರ ಹಾಗೆಯೇ ಮಾತಾಡುತ್ತಿದ್ದನಂತೆ. ಒಂದು ದಿನ ತಮಾಷೆಗೆ ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ಕೂಗಿದನಂತೆ. ಜನ ಓಡಿದರು, ಒಬ್ಬ ಮುದುಕಿ ಮೆಟ್ಟಿಲಲ್ಲಿ ಬಿದ್ದಳು. ಆ ಹುಡುಗನನ್ನು ಆಗಷ್ಟೇ ಹುಟ್ಟಿಸಿದ್ದು ನಾನೇ, ಮುದುಕಿಯನ್ನು ಬೀಳಿಸಿದ್ದೂ ನಾನೇ. ಆದರೂ ಅವಳು ಬಿದ್ದದ್ದನ್ನು ನಾನೇ ಎಲ್ಲರಿಗಿಂತ ಮೊದಲು ನಂಬಿಬಿಟ್ಟೆ. "ಆವತ್ತಿಂದ ನಾನು ಕಲಿತಿದ್ದು ಒಂದೇ ಕಣ್ರಪ್ಪ, ಕಂಟ್ರೋಲ್ ಇಲ್ಲ ಅಂದ್ರೆ ಇನ್ನೊಬ್ಬರ ಕಾಲು ಮುರಿಯತ್ತೆ. ನಾನು ಪರ."

ಬಕೆಟ್ಟಿನ ಮೇಲೆ ಕೂತು ಆ ಕೊನೆಯ ಪದವನ್ನು ನನ್ನ ಕಿವಿಯಿಂದಲೇ ಕೇಳಿದೆ.

ಆ ಕಡೆ ಪ್ರತಿಮಾ, ಜೀವಮಾನದಲ್ಲಿ ಮೊದಲ ಬಾರಿಗೆ ಸಾಕು ಎನ್ನದೆ, "ಪಾವಂ, ಆ ಪಾಟಿ" ಎಂದು ಮುದುಕಿಗಾಗಿ ಮರುಗಿದಳು. ಮಂಜು, ನನ್ನ ದೋಸೆ ಹೊಟ್ಟೆಯಲ್ಲಿ ಕರಗುವ ಮುಂಚೆಯೇ, "ಮಾಮ ಹೇಳಿದ ಮೇಲೆ ನಂದೂ ಪರ" ಎಂದ. ನಾಲ್ಕಕ್ಕೆ ಒಂದು. ಉಪ್ಪುಸೀಮೆಗೆ ಸಂವಿಧಾನ ಬಂತು, ಅಣಕ ಹೋಯಿತು.

ಸಂಜೆ ಮಾಮನ ಫೋನ್. ತಂಗಿಯ ರೈಲು ಬಂದಿತ್ತು. "ಏನಾಯ್ತೋ ನಿಮ್ಮ ಸಭೆ?"

"ಅಣಕ ನಿಷೇಧ ಪಾಸಾಯ್ತು ಮಾಮ."

"ಛೆ, ಎಂಥಾ ಜನ. ನಾನಿದ್ದಿದ್ರೆ ಸುತರಾಂ ಬಿಡ್ತಿರಲಿಲ್ಲ."

"ನೀವಾ? ನೀವು ವಿರೋಧವಾ?"

"ಅಲ್ವೇನೋ? ನಾನು ಮಾತಾಡಿದ್ರೆ ಮನೇಲಿ ಟೀವಿ ಸೌಂಡ್ ಜಾಸ್ತಿ ಮಾಡ್ತಾರೆ. ನೀನು ನನ್ನ ಹಾಗೆ ಮಾತಾಡಿದ್ರೆ ನಾಲ್ಕು ಜನ ಕೂತು ಕೇಳ್ತಾರೆ. ಅದನ್ನ ಯಾಕೆ ನಿಲ್ಲಿಸ್ಲಿ?"

ಅವರ ಕೆಮ್ಮು ಗೊತ್ತಿತ್ತು, ಎಳೆತ ಗೊತ್ತಿತ್ತು, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಇದೊಂದು ಗೊತ್ತಿರಲಿಲ್ಲ. ಮಹಾ ಕಲಾವಿದ ನಾನು.

"ಯಾರ್‍ಯಾರು ಹಾಕಿದ್ರೋ ಅದಕ್ಕೆ ವೋಟು?" ಎಂದರು ಮಾಮ.

"ನಾಲ್ಕು ಜನ ಮಾಮ. ನಾನೊಬ್ಬನೇ ವಿರೋಧ."

ಆ ಕಡೆ ಒಂದು ಸ್ಟೇಷನ್ ದಾಟುವಷ್ಟು ಹೊತ್ತು ಮೌನ.

"ನೋಡೀ..." ಎಂದರು ನಿಜವಾದ ಮೂರ್ತಿ ಮಾಮ. "ಇರೋದು ಐದು ಜನ. ನೀನು ವಿರೋಧ. ನಾನು ಎಗ್ಮೋರಲ್ಲಿ. ಪರ ನಾಲ್ಕು ಹೆಂಗಪ್ಪಾ ಆಯ್ತು?"

ನಮ್ಮ ಸಂವಿಧಾನ ನಿಷೇಧಿಸಿರುವುದು ಮನುಷ್ಯರನ್ನು ಅಣಕಿಸುವುದನ್ನು ಮಾತ್ರ. ಕೆಟ್ಟ ನೆಟ್‌ವರ್ಕನ್ನು ಅಣಕಿಸಲು ಅಡ್ಡಿಯಿಲ್ಲ. ನಾನು ಫೋನನ್ನು ಬಾಯಿಗೆ ಒತ್ತಿ ಹಿಡಿದು, ಕರಕರ ಎಂದು, ಹ... ಲೋ... ಮಾ... ಎಂದು, ಕಾನೂನಿಗೆ ಸಂಪೂರ್ಣ ವಿಧೇಯನಾಗಿ, ಕಟ್ಟಾದೆ.