ಮಾವನ ಹಲ್ಲಿನ ಸಿಮೆಂಟು ಕೆಲಸ

ನನ್ನ ಸೋದರಮಾವನನ್ನು ನಮ್ಮ ಬಳಗದಲ್ಲಿ ಯಾರೂ ಗೃಹಪ್ರವೇಶಕ್ಕೆ ಮನಸಾರೆ ಕರೆಯುವುದಿಲ್ಲ. ಬಿಡುವಂತಿಲ್ಲವಲ್ಲ ಎಂದು ಕಾರ್ಡು ಕೊಡುತ್ತಾರೆ. ಕೊಡುವಾಗಲೇ, “ಕೆಲಸ ಭಾಳ ಇದ್ರ ಬಿಡ್ರಿ, ಸುಮ್ನ ತ್ರಾಸ್ ತಗೋಬ್ಯಾಡ್ರಿ” ಎಂದೂ ಸೇರಿಸುತ್ತಾರೆ. ಮಾವ ತ್ರಾಸು ತೆಗೆದುಕೊಂಡು, ಎಲ್ಲರಿಗಿಂತ ಮೊದಲೇ ಬಂದು ನಿಲ್ಲುತ್ತಾನೆ.

ಹಾಗಂತ ಅವನು ಕೆಟ್ಟವನೇ? ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹರೆಯದಿಂದಲೂ ಗಾರೆ ಮೇಸ್ತ್ರಿ. ಅವನಿಗಿರುವುದು ಒಂದೇ ಚಟ, ಗೋಡೆ ಕಂಡರೆ ತಟ್ಟುವುದು. ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಕಿವಿಗೊಟ್ಟು ಕೇಳಿ, ತೀರ್ಪು ಕೊಡುತ್ತಾನೆ. ತೀರ್ಪುಗಳು ಎರಡೇ: ಘಟ್ಟಿ ಅಥವಾ ಪೊಳ್ಳು. ಘಟ್ಟಿ ಎಂಬುದನ್ನು ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಪೊಳ್ಳು ಎಂಬುದನ್ನು ಮಾತ್ರ ಓಣಿಗೆಲ್ಲ ಕೇಳುವಂತೆ ಹೇಳುತ್ತಾನೆ.

ಸಂಡೂರಿನಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸಿದಾಗ ಏನಾಯಿತು ಎನ್ನುತ್ತೀರಿ? ಗಣಿಯಲ್ಲಿ ದುಡಿದು, ಒಂದೊಂದು ಟೈಲ್ಸನ್ನೂ ತಾನೇ ಆರಿಸಿ ತಂದು ಕಟ್ಟಿಸಿದ ಮನೆ. ಸ್ವಾಮಿಗಳು ಮಂತ್ರ ಹೇಳುತ್ತಿದ್ದರು, ಒಲೆಯ ಮೇಲಿನ ಹಾಲು ಇನ್ನೇನು ಉಕ್ಕುವುದರಲ್ಲಿತ್ತು, ಎಲ್ಲರೂ ಕೈಮುಗಿದು ನಿಂತಿದ್ದೆವು. ಮಾವ ಮಾತ್ರ ಪಕ್ಕದ ಗೋಡೆಯನ್ನು ತಟ್ಟಿ, ನಿಧಾನವಾಗಿ ಹೇಳಿದ: “ಪೊಳ್ಳು.”

ಮಂತ್ರ ನಿಂತುಹೋಯಿತು.

“ನಿಮಗಲ್ರೀ ಸ್ವಾಮ್ಯಾರ, ನೀವು ನಡಸ್ರಿ. ನಾ ಅಂದದ್ದು ಪ್ಲಾಸ್ಟರಿಗೆ.”

ಚಿಕ್ಕಪ್ಪ ಎರಡು ವರ್ಷ ಅವನೊಂದಿಗೆ ಮಾತು ಬಿಟ್ಟ. ಮೂರನೆಯ ಮಳೆಗಾಲದಲ್ಲಿ ಅದೇ ಗೋಡೆಯ ಪ್ಲಾಸ್ಟರು ಟಿವಿಯ ಹಿಂದಿನಿಂದ ರೊಟ್ಟಿಯಂತೆ ಕಳಚಿ ಬಿದ್ದಾಗ, ಮೊದಲ ಫೋನು ಹೋದದ್ದು ಮಾವನಿಗೇ. ಮಾವ ಹೋಗಿ ಸರಿಮಾಡಿ ಬಂದ. ‘ನಾ ಅಂದಿದ್ನಿಲ್ಲ’ ಎಂಬ ಒಂದು ಮಾತನ್ನೂ ಆಡಲಿಲ್ಲವಂತೆ. ಚಿಕ್ಕಪ್ಪನಿಗೆ ಅದೇ ಇನ್ನಷ್ಟು ಸಿಟ್ಟು ತರಿಸಿತು.

ಇನ್ನೊಮ್ಮೆ ದಾವಣಗೆರೆಯಿಂದ ಬಂದ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಗುಡಿಯ ಕಡೆ ನಡೆದರೆ ಮಾವ ಹಂಪಿ ಬಜಾರಿನ ಸಾಲುಮಂಟಪಗಳಲ್ಲೇ ಉಳಿದ. ಒಂದು ಕಂಬ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದವನನ್ನು ಕಾವಲುಗಾರ ತಡೆದ. “ಯಜಮಾನ್ರ, ಕಂಬ ಮುಟ್ಟಬ್ಯಾಡ್ರಿ.”

“ಮುಟ್ಟಾಕತ್ತಿಲ್ಲಪ್ಪ. ಮಾತಾಡ್ಸಾಕತ್ತೀನಿ.”

ಕಂಬಗಳು ಏನು ಹೇಳಿದವು ಎಂದು ನಾವು ಬಸ್ಸಿನಲ್ಲಿ ಕೇಳಿದೆವು. ಮಾವ ಕಿಟಕಿಯಾಚೆ ನೋಡುತ್ತ, “ಒಂದೂ ಪೊಳ್ಳಿಲ್ಲ. ಸಿಮೆಂಟೂ ಇಲ್ಲ” ಎಂದ. ಸಿಮೆಂಟನ್ನೇ ನಂಬಿ ಬದುಕಿದವನಿಗೆ ಅದು ಸಣ್ಣ ದುಃಖವೇ?

ಇಂಥ ಮನುಷ್ಯನ ಹಲ್ಲಿಗೆ ನಾನು ಸಿಮೆಂಟು ಹಾಕಬೇಕಾಗಿ ಬಂತು.

ನಾನು ಹಲ್ಲಿನ ಡಾಕ್ಟರು. ಹೊಸಪೇಟೆಯಲ್ಲಿ ಸ್ವಂತ ಕ್ಲಿನಿಕ್ ತೆರೆದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮಾವನಿಗೆ ಗೋಡೆಯ ನೇರ ನೋಡುವ ತೂಗುಗುಂಡಿನ ದಾರದ ಗಂಟನ್ನು ಹಲ್ಲಿನಿಂದ ಬಿಚ್ಚುವ ಅಭ್ಯಾಸ. ಒಂದು ದಿನ ಗಂಟು ಗೆದ್ದಿತು, ಮೇಲಿನ ಮುಂದಿನ ಹಲ್ಲು ಒಸಡಿನ ಹತ್ತಿರಕ್ಕೆ ಮುರಿಯಿತು. ಆಮೇಲೆ ಮಾವ ಸಾರುವೆಯ ಮೇಲೆ ನಿಂತು ‘ಸಿಮೆಂಟ್ ಕೊಡ್ರಿ’ ಎಂದರೆ ಕೆಳಗಿದ್ದವರಿಗೆ ‘ಫಿಮೆಂಟ್ ಕೊಡ್ರಿ’ ಎಂದು ಕೇಳುತ್ತಿತ್ತು. ಮೊದಲ ದಿನ ಆಳುಗಳು ನಗು ತಡೆದುಕೊಂಡರು. ಎರಡನೆಯ ದಿನ ತಡೆಯಲಿಲ್ಲ. ಮೂರನೆಯ ದಿನ ಮಾವ ನನ್ನ ಕುರ್ಚಿಯಲ್ಲಿದ್ದ.

ಹಲ್ಲು ಮುರಿದರೂ ಬೇರು ಚೆನ್ನಾಗಿತ್ತು. ಬೇರಿನೊಳಗಿನ ನರ ತೆಗೆದು, ಆ ಸಣ್ಣ ಕಾಲುವೆಯನ್ನು ಸ್ವಚ್ಛ ಮಾಡಿ ತುಂಬಿದೆ. ಆದರೆ ಮೇಲೆ ಕ್ಯಾಪು ಹಿಡಿದು ನಿಲ್ಲುವಷ್ಟು ಹಲ್ಲು ಉಳಿದಿರಲಿಲ್ಲ. ಇಂಥಲ್ಲಿ ಬೇರಿನೊಳಕ್ಕೆ ಗಾಜಿನ ನಾರಿನ ಒಂದು ಕಡ್ಡಿ ಇಳಿಸಿ, ಸಿಮೆಂಟಿನಲ್ಲಿ ಕೂರಿಸಿ, ಅದರ ಸುತ್ತ ಹಲ್ಲನ್ನು ಕಟ್ಟುತ್ತೇವೆ. ಅದಕ್ಕೆ ಫೈಬರ್ ಪೋಸ್ಟ್ ಎನ್ನುತ್ತಾರೆ. ಮಾವನಿಗೆ ಸುಲಭವಾಗಲೆಂದು, “ಒಳಗೊಂದು ಕಂಬ ನಿಲ್ಲಿಸ್ತೀನಿ ಮಾಮಾ” ಎಂದೆ. ಅದೇ ನಾನು ಮಾಡಿದ ತಪ್ಪು.

“ಕಂಬ ಅಂದ್ರ ಕಬ್ಬಿಣದ್ದೇನು?”

“ಅಲ್ಲ, ಗಾಜಿನ ನಾರಿಂದು. ಕಬ್ಬಿಣದ್ದು ಭಾಳ ಬಿರುಸು, ಬೇರು ಸೀಳಬಹುದು. ಇದು ಹಲ್ಲಿನ ಜೋಡಿ ಒಂಚೂರು ಬಾಗ್ತೈತಿ.”

“ಅದು ಬರೋಬ್ಬರಿ. ಕ್ಯೂರಿಂಗ್ ಎಷ್ಟು ದಿನ?”

“ದಿನ ಅಲ್ಲ. ನೀಲಿ ಲೈಟು ಹಿಡೀತೀನಿ, ನಲವತ್ತು ಸೆಕೆಂಡು.”

ಮಾವ ಕುರ್ಚಿಯಲ್ಲೇ ಎದ್ದು ಕುಳಿತ. “ಲೇ ಹುಡುಗಿ, ನಾವು ವಾರಗಟ್ಟಲೆ ನೀರು ಹೊಡಿತೀವಿ.”

“ಇದಕ್ಕ ನೀರು ತಾಗಿದ್ರ ಕೆಡ್ತೈತಿ ಮಾಮಾ.”

“ನೀರು ತಾಗಿದ್ರ ಕೆಡೋ ಸಿಮೆಂಟು?” ಎಂದು ಅವನು ನನ್ನನ್ನೂ, ನಾನು ಓದಿದ ಕಾಲೇಜನ್ನೂ ಒಟ್ಟಿಗೆ ಅನುಮಾನಿಸುವಂತೆ ನೋಡಿದ.

ಅಂದು ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಮಾವ ಬಾಯಿ ತೆರೆಯುವುದು, ಪ್ರಶ್ನೆ ಕೇಳಲು ಮುಚ್ಚುವುದು, ಮತ್ತೆ ತೆರೆಯುವುದು. ಮುಚ್ಚಿದಾಗಲೆಲ್ಲ ಉಗುಳು ಬೇರಿನ ಕಾಲುವೆಯೊಳಗೆ. ಕಾಲುವೆಯನ್ನು ಒಣಗಿಸಲು ಸೂಜಿಯಂಥ ಕಾಗದದ ಕಡ್ಡಿಗಳಿರುತ್ತವೆ. ತುದಿ ಒಣಗಿ ಹೊರಬರುವ ತನಕ ಒಂದಾದ ಮೇಲೊಂದು ಇಳಿಸಬೇಕು. ಮೂರನೆಯದರ ತುದಿ ಇನ್ನೂ ತೇವವಾಗಿತ್ತು. ನಾಲ್ಕನೆಯದನ್ನು ಇಳಿಸಬೇಕಿತ್ತು. ಬಾಗಿಲ ಹೊರಗೆ ಯಾರೋ ನಿಟ್ಟುಸಿರುಬಿಟ್ಟದ್ದು ಕೇಳಿಸಿತು. ಸಾಕು ಎಂದುಕೊಂಡು ಸಿಮೆಂಟು ತುಂಬಿ, ಪೋಸ್ಟು ಕೂರಿಸಿ, ಲೈಟು ಹಿಡಿದೆ. ವಾರದ ನಂತರ ಮೇಲೆ ಕ್ಯಾಪೂ ಬಂತು. ಮಾವ ಕನ್ನಡಿಯಲ್ಲಿ ನೋಡಿಕೊಂಡು ‘ಸಿಮೆಂಟ್’ ಎಂದು ನಾಲ್ಕು ಸಲ ಸ್ಪಷ್ಟವಾಗಿ ಹೇಳಿ ಹೋದ.

ಮೂರು ವಾರಕ್ಕೆ ಮರಳಿ ಬಂದ. ಒಗ್ಗರಣೆ ಮಂಡಕ್ಕಿ ತಿನ್ನುವಾಗ ಕ್ಯಾಪು, ಪೋಸ್ಟು ಎರಡೂ ಜೊತೆಯಾಗಿ ಕೈಗೆ ಬಂದಿದ್ದವು. ಹೊರಗೆ ಬೆಂಚಿನ ತುಂಬ ಜನ. ಸ್ವಾಮಿಗಳ ಮಂತ್ರ ನಿಲ್ಲಿಸಿದ ಮನುಷ್ಯ ಇವನು. ಇನ್ನೇನು ಬೆಂಚಿನವರೆದುರು ತೀರ್ಪು ಬಂತು ಎಂದುಕೊಂಡೆ. ಮಾವ ಒಳಗೆ ಬಂದು, ಬಾಗಿಲು ಹಾಕಿ, ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ.

“ನೋಡಿಲ್ಲಿ. ಸಿಮೆಂಟು ಕಂಬಕ್ಕ ಹತ್ತೇತಿ. ಗೋಡಿಗೆ ಹತ್ತಿಲ್ಲ.”

ನಿಜ. ನನ್ನ ಪ್ರೊಫೆಸರರು ಅರ್ಧ ಗಂಟೆ ಪಾಠ ಮಾಡಿ ಹೇಳುವುದನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದೇ ಕಂಡುಕೊಂಡಿದ್ದ.

“ಗೋಡಿ ತೊಯ್ದಿತ್ತೇನು?”

“ಹ್ಞೂಂ.”

“ನಿನಗ ಗೊತ್ತಿತ್ತೋ, ಈಗ ಗೊತ್ತಾತೋ?”

ಸುಳ್ಳು ಹೇಳಲು ಒಂದು ಕ್ಷಣ ಮನಸ್ಸಾಯಿತು. “ಆವಾಗ್ಲೇ ಗೊತ್ತಿತ್ತು ಮಾಮಾ. ಗಡಿಬಿಡಿ ಮಾಡಿದೆ.”

“ಹಂಗಾದ್ರ ನೀನ ಹಾಕು. ಗೊತ್ತಿರಲಿಲ್ಲ ಅಂದಿದ್ರ ಬ್ಯಾರೆ ಡಾಕ್ಟ್ರನ್ನ ನೋಡ್ಕೋತಿದ್ದೆ” ಎಂದು ಅವನು ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದ.

ಈ ಸಲ ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿದೆ. ಉಗುಳು ಒಳಗೆ ಬರದಂತೆ ತಡೆಯುವುದು ಅದರ ಕೆಲಸ. ಮಾತು ಹೊರಗೆ ಬರದಂತೆ ತಡೆಯುವುದು ಅದರ ಉಪಕಾರ. ಮುಕ್ಕಾಲು ಗಂಟೆ ಮಾವ ಮಾತಾಡಲಿಲ್ಲ ಎಂದು ಆಮೇಲೆ ಅವ್ವನಿಗೆ ಹೇಳಿದರೆ, ಒಡಹುಟ್ಟಿದವಳಾದ ಅವಳೇ ನಂಬಲಿಲ್ಲ. ಆದರೆ ಕೈಗಳನ್ನು ಕಟ್ಟಿರಲಿಲ್ಲವಲ್ಲ? ನಾನು ಒಂದೊಂದು ಕಾಗದದ ಕಡ್ಡಿ ಹೊರತೆಗೆದಾಗಲೂ ತೋರಿಸು ಎಂದು ಸನ್ನೆ ಮಾಡುತ್ತಿದ್ದ. ತೋರಿಸುತ್ತಿದ್ದೆ. ಬೆರಳೆತ್ತುತ್ತಿದ್ದ: ಇನ್ನೊಂದು. ಐದನೆಯದು ಒಣಗಿ ಬಂತು. ಆರನೆಯದಕ್ಕೂ ಬೆರಳೆತ್ತಿದ. “ಅತಿ ಒಣಗಿಸಿದ್ರೂ ಸಿಮೆಂಟು ಹಿಡಿಯಂಗಿಲ್ಲ ಮಾಮಾ” ಎಂದೆ. ಸ್ವಲ್ಪ ಯೋಚಿಸಿ, ಬೆರಳನ್ನು ಮಡಚಿದ. ಸಣ್ಣ ನಳಿಕೆಯಿಂದ ತಳದಿಂದ ಮೇಲಕ್ಕೆ ಸಿಮೆಂಟು ತುಂಬಿದೆ, ಗಾಳಿ ಸಿಕ್ಕಿಕೊಳ್ಳದಂತೆ. ಹೊಸ ಪೋಸ್ಟನ್ನು ನಿಧಾನವಾಗಿ ಇಳಿಸಿ, ಒತ್ತಿ ಹಿಡಿದೆ. ಅಷ್ಟು ಹೊತ್ತೂ ಅವನ ಕಣ್ಣು ನನ್ನ ಕೈಯ ಮೇಲಿತ್ತು. ಹೊರಗೆ ಕಾಯುತ್ತಿದ್ದವರು ನಿಟ್ಟುಸಿರುಬಿಟ್ಟರೋ ಇಲ್ಲವೋ ನನಗೆ ಕೇಳಿಸಲಿಲ್ಲ.

ಲೈಟು ಹಿಡಿದು, ಹಾಳೆ ಬಿಚ್ಚಿದೆ. “ಕ್ಯಾಪು ಮುಂದಿನ ವಾರ. ಇನ್ನ ಮನಿಗೆ ಹೋಗ್ರಿ” ಎಂದರೆ ಮಾವ ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಸಂಜೆಯ ತನಕ ಬಾಯಿ ಮುಚ್ಚಿ ಕುಳಿತ. ನಲವತ್ತು ಸೆಕೆಂಡಿನ ಮೇಲೆ ಅವನಿಗೆ ಕೊನೆಗೂ ನಂಬಿಕೆ ಬಂದಿರಲಿಲ್ಲ.

ಇದಾಗಿ ನಾಲ್ಕೈದು ತಿಂಗಳಿಗೆ ಕಂಪ್ಲಿಯಿಂದ ಒಬ್ಬ ಹೆಂಗಸು ಬಂದರು. ಅಂಗನವಾಡಿಯಲ್ಲಿ ಕೆಲಸ ಮಾಡುವವರು. ಮಾವ ಮಾಡಿಸಿಕೊಂಡಂಥದ್ದೇ ಹಲ್ಲು, ಅಂಥದ್ದೇ ಮುರಿತ. ಪೋಸ್ಟು ಕೂರಿಸಬೇಕಾಗುತ್ತದೆ ಎಂದೆ.

“ಗೊತ್ತೈತ್ರಿ. ನಮ್ಮ ಮನಿ ಕಟ್ಟಾಕತ್ತಿರೋ ಮೇಸ್ತ್ರಿ ಎಲ್ಲಾ ಹೇಳ್ಯಾರ. ನಿಮ್ಮ ಮಾವ ಅಂತಲ್ಲ?”

“ಏನು ಹೇಳಿದ್ರು?”

“ನೀವು ಮೊದ್ಲು ಹಾಕಿದ್ದು ಭಾಳ ಘಟ್ಟಿ ಇತ್ತಂತ. ಇವ್ರ ನಿಮ್ಮ ಮಾತು ಕೇಳದ ನಮ್ಮ ಹೊಲದಾಗ ಕಬ್ಬು ಹಲ್ಲಿಲೆ ಸಿಗಿದು ಕಿತ್ಕೊಂಡ್ರಂತ. ‘ತಪ್ಪು ನಂದು, ಹುಡುಗಿ ಕೆಲಸ ಅಪ್ಪಟ ಐತಿ, ಅಕಿ ಕಡೀನ ಹೋಗ್ರಿ’ ಅಂದ್ರು.”

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಚಹಾಕ್ಕೂ ಸಕ್ಕರೆ ಹಾಕಿಸಿಕೊಳ್ಳುವುದಿಲ್ಲ. ಕಬ್ಬು ಸಿಗಿಯುವುದಿರಲಿ, ಮುಟ್ಟಿದ್ದನ್ನೂ ನಾನು ನೋಡಿಲ್ಲ. ಒಂದು ಗೋಡೆಯ ಪೊಳ್ಳನ್ನೂ ಮುಚ್ಚಿಡದ ಮನುಷ್ಯ ಕಂಪ್ಲಿಯ ತನಕ ಹೋಗಿ, ಯಾರೂ ಕೇಳದಿದ್ದರೂ, ಈ ಸುಳ್ಳನ್ನು ಹೇಳಿ ಬಂದಿದ್ದ.

ತೊಳೆದ ಕೈಗಳನ್ನೇ ಮತ್ತೊಮ್ಮೆ ತೊಳೆಯಲು ಬೇಸಿನ್ನಿನ ಕಡೆ ತಿರುಗಿದೆ. ನಲ್ಲಿ ಬಹಳ ಹೊತ್ತು ಹರಿಯಿತು. ಆ ಹೆಂಗಸು, “ಏನಾತ್ರಿ ಡಾಕ್ಟ್ರ?” ಎಂದು ಕೇಳಿದರು.

“ಅವ್ರು ಕಬ್ಬು ತಿಂದಿಲ್ರಿ,” ಎಂದೆ. “ಆ ಸಲ ಕಿತ್ತು ಬಂದದ್ದು ನನ್ನ ತಪ್ಪಿನಿಂದ. ನಾನು ಗಡಿಬಿಡಿ ಮಾಡಿದ್ದೆ. ನಿಮ್ದು ಮಾಡಾಕ ಹೊತ್ತು ಹಿಡಿತೈತಿ. ಕುಂದ್ರತೀರೇನು?”

ಅವರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ಕುರ್ಚಿಗೆ ಒರಗಿ, “ಹಿಡೀಲಿ ಬಿಡ್ರಿ” ಎಂದು ಬಾಯಿ ತೆರೆದರು.