ಎಣ್ಣೆಯಿಲ್ಲದ ಮಿರ್ಚಿಯ ತನಿಖೆ

ಮೀಟರ್ ಓದುವವನನ್ನು ಜನ ನಂಬುವುದಿಲ್ಲ, ಜನರನ್ನು ಮೀಟರ್ ಓದುವವನೂ ನಂಬುವುದಿಲ್ಲ. ಹೀಗಾಗಿ ಹೆಗಲಿಗೆ ಕರೆಂಟು ಬಿಲ್ಲಿನ ಮಿಷನ್ ಹಾಕಿಕೊಂಡು ಕುಂದಗೋಳ ತಾಲೂಕಿನ ಊರೂರು ತಿರುಗುವ ನನಗೆ ಇಂಥ ಪ್ರಸಂಗಗಳು ತಿಂಗಳಿಗೆ ಒಂದಾದರೂ ಗಂಟು ಬೀಳುತ್ತವೆ. ಬಿಲ್ಲು ಜಾಸ್ತಿ ಬಂದರೂ ಅನುಮಾನ, ಕಮ್ಮಿ ಬಂದರೆ ಇನ್ನೂ ಅನುಮಾನ. ಆದರೆ ಈ ಸಲ ನನ್ನನ್ನು ಕಾಡಿದ ಅನುಮಾನ ಬಿಲ್ಲಿನದಲ್ಲ, ಭಜಿಯದು.

ಡಾಕ್ಟರ ತೀರ್ಪು

ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಕನ್ನಡಕ ತೆಗೆದರು.

“ಇವತ್ತಿಂದ ಕರದದ್ದು ಬಂದ್.”

“ಮಿರ್ಚಿ ಭಜಿ ನಡೀತೈತಲ್ರಿ?”

“ಅದನ್ನ ಹೆಂಗ ಮಾಡ್ತಾರ?”

“ಎಣ್ಣ್ಯಾಗ ಬಿಡ್ತಾರ್ರಿ.”

“ಅದಕ್ಕ ಕರಿಯೂದು ಅಂತಾರ.”

ಪಕ್ಕದಲ್ಲಿದ್ದ ನನ್ನ ಹೆಂಡತಿ ತಲೆಯಾಡಿಸಿದಳು. ಸಂಜೆ ಐದಕ್ಕೆ ಚುರುಮುರಿ, ಎರಡು ಮಿರ್ಚಿ, ಒಂದು ಕಪ್ ಚಹಾ, ಇದು ನನ್ನ ಇಪ್ಪತ್ತು ವರ್ಷದ ಪದ್ಧತಿ. ಮರುದಿನದಿಂದ ಚುರುಮುರಿ ಉಳಿಯಿತು, ಚಹಾ ಉಳಿಯಿತು, ಮಿರ್ಚಿ ಹೋಯಿತು. ಬರಿ ಚುರುಮುರಿಯ ತಾಟಿನ ಮುಂದೆ ಕುಳಿತು ನಾನು ನಿಜವಾಗಿಯೂ ದುಃಖಪಟ್ಟೆ. ನಗುವವರು ನಗಲಿ.

ನನ್ನ ಮುಖ ನೋಡಲಾರದೆ ಎಂಟು ದಿನಕ್ಕೆ ಅವಳೇ ಬಾಯಿಬಿಟ್ಟಳು.

“ಏರ್ ಫ್ರೈಯರ್ ಅಂತ ಬಂದೈತಂತ್ರಿ. ಎಣ್ಣಿ ಇಲ್ದ ಕರೀತೈತಂತ.”

“ಎಣ್ಣಿ ಇಲ್ದ ಮತ್ತ ಯಾವುದರಾಗ ಕರೀತೈತಿ?”

“ಬಿಸಿ ಹವಾದಾಗ.”

“ಬಿಸಿ ಹವಾದಾಗ ಭಜಿ ಆಗೂದಿದ್ರ, ಬ್ಯಾಸಿಗ್ಯಾಗ ನಮ್ಮ ಮಾಳಿಗಿ ಮ್ಯಾಲೆ ಒಂದ ಬುಟ್ಟಿ ಭಜಿ ಆಗತಿದ್ವು.”

“ಅನುಮಾನ ಇದ್ರ ಕೇಳ್ಕೊಂಡ ಬರ್ರಿ. ಮನಿ ಮನಿ ಅಡ್ಡಾಡ್ತೀರಲ್ಲ? ಓವನ್ ಚಲೋನೋ, ಇದು ಚಲೋನೋ, ಇದ್ದವರನ್ನ ವಿಚಾರಿಸ್ರಿ.”

ಹೀಗೆ ನನಗೆ ಆಫೀಸಿನ ಕೆಲಸದ ಜೊತೆ ಮನೆಯ ತನಿಖೆಯೂ ಬಿತ್ತು. ಮಿರ್ಚಿಯ ಆಸೆಗೆ ಒಪ್ಪಿಕೊಂಡೆ, ಇಲ್ಲದಿದ್ದರೆ ಪಗಾರ ಇಲ್ಲದ ಕೆಲಸ ನಾನು ಮಾಡುವವನಲ್ಲ.

ದೇವರ ಗಂಟೆ

ಯರಗುಪ್ಪಿಯ ಒಂದು ಮನೆ. ಬಾಗಿಲ ಬಾಜು ಮೀಟರ್. ಅದರ ಕೆಂಪು ದೀಪ ಪಟಪಟ ಮಿನುಗುತ್ತಿತ್ತು, ಅಂದರೆ ಒಳಗೆ ಏನೋ ದೊಡ್ಡದು ಓಡುತ್ತಿದೆ. ಅಡುಗೆಮನೆಯಿಂದ ಗುಂಯ್ ಎಂಬ ಸದ್ದು. ಅಷ್ಟರಲ್ಲಿ ಆ ಮನೆಯ ಸೊಸೆ ಹೊರಗೆ ಬಂದಳು.

“ಅಕ್ಕಾರ, ಒಳಗ ಏರ್ ಫ್ರೈಯರ್ ಐತೇನ್ರಿ?” ಎಂದು ಬಾಯಲ್ಲಿ ನೀರೂರಿಸಿಕೊಂಡೇ ಕೇಳಿದೆ.

ಅವಳ ಮುಖ ಸಪ್ಪಗಾಯಿತು. ಮೀಟರಿನವನ ಕಣ್ಣಿಗೆ ದೊಡ್ಡ ಸಾಮಾನು ಬಿದ್ದರೆ ಸರಕಾರದ ಪುಕ್ಕಟೆ ಕರೆಂಟು ಹೋಗುತ್ತದೆ ಎಂದು ಊರಲ್ಲಿ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಸುಳ್ಳು ಸುದ್ದಿ. ಹೇಳಿದರೂ ಯಾರೂ ನಂಬುವುದಿಲ್ಲ, ಹೇಳುವವನು ಮೀಟರಿನವನಲ್ಲವೇ?

“ಇಲ್ರಿ ಅಣ್ಣಾರ, ಅದು ಫ್ಯಾನ್ ರೀ,” ಎಂದು ಒಳಗೆ ಓಡಿದಳು. ಸದ್ದು ಸಣ್ಣದಾಯಿತು, ನಿಲ್ಲಲಿಲ್ಲ. ಕಿಟಕಿಯಿಂದ ಇಣುಕಿದೆ. ಒಲೆಯ ಕಟ್ಟೆಯ ಮೇಲೆ ಏನೋ ಒಂದು ಕೌದಿ ಹೊದ್ದು ಕೂತಿತ್ತು.

“ಅದೇನ್ರಿ?”

“ಹಾಸಿಗಿ ರೀ.”

“ಅಡಗಿ ಮನ್ಯಾಗ?”

“ಒಳಗ ಜಾಗಾ ಇಲ್ರಿ.”

ಅಷ್ಟರಲ್ಲಿ ಕೌದಿಯ ಒಳಗಿಂದ ಟಿಣ್ ಎಂದಿತು.

“ಈಗ ಹಾಸಿಗಿ ಟಿಣ್ ಅಂತಲ್ರಿ?”

“ದೇವರ ಗಂಟಿ ರೀ. ನಮ್ಮ ಮಾವಾರು ಪೂಜಾ ಮಾಡಾಕತ್ತಾರ.”

ಮಾವನವರು ನನ್ನ ಬೆನ್ನ ಹಿಂದೆಯೇ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಕಿವಿ ಸ್ವಲ್ಪ ಮಂದ. ಆದರೆ ಆ ಟಿಣ್ ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತ್ತು. ಅಲ್ಲಿಂದಲೇ ಕೂಗಿದರು, “ಯವ್ವಾ, ಶೇಂಗಾ ಹುರದ್ವು ನೋಡು, ಲಗೂ ತಗೊಂಡ ಬಾ!”

ಮೂರೂ ಇದ್ದ ಮನೆ

ಕುಬಿಹಾಳದ ನಿವೃತ್ತ ಮಾಸ್ತರರ ಮನೆಯಲ್ಲಿ ಮುಚ್ಚುಮರೆ ಇಲ್ಲ. ಮಾಸ್ತರು ನನ್ನನ್ನು ಕೈಹಿಡಿದು ಅಡುಗೆಮನೆಗೇ ಕರೆದೊಯ್ದರು. ಅಲ್ಲಿ ದೊಡ್ಡ ಕರೆಂಟ್ ಓವನ್, ಮೈಕ್ರೊವೇವ್, ಏರ್ ಫ್ರೈಯರ್ ಮೂರೂ ಸಾಲಾಗಿ ಕೂತಿದ್ದವು. ಎಲ್ಲ ಮಗಳು ಅಳಿಯ ತಂದುಕೊಟ್ಟದ್ದು.

“ಈ ದೊಡ್ಡ ಓವನ್ ಹೆಂಗೈತ್ರಿ ಮಾಸ್ತರ?”

“ಅಗದಿ ಚಲೋ. ಒಂದ ಇಲಿ ಒಳಗ ಹೋಗಿಲ್ಲ.” ಬಾಗಿಲು ತೆಗೆದು ತೋರಿಸಿದರು. ಒಳಗೆ ಬೆಲ್ಲ, ಗುರೆಳ್ಳು ಚಟ್ನಿಪುಡಿ, ಹುಣಸೆಹಣ್ಣು.

“ಮೈಕ್ರೊವೇವ್?”

“ಟೈಮ್ ಕರೆಕ್ಟ್ ತೋರಸ್ತೈತಿ. ನಡುನಡುವ ಚಹಾನೂ ಬಿಸಿ ಆಗತೈತಿ.”

“ಮತ್ತ ಏರ್ ಫ್ರೈಯರ್?”

ಅದಕ್ಕೆ ಮಾಸ್ತರರ ಹೆಂಡತಿ ಮುಂದೆ ಬಂದರು. ನಮ್ಮ ಕಡೆ ಯಾವ ಒಲೆ ಬಂದರೂ ಅದಕ್ಕೆ ಮೊದಲ ಪರೀಕ್ಷೆ ಜೋಳದ ರೊಟ್ಟಿಯದು. ಅವರು ತೆಳ್ಳಗಿನ ಕಡಕ್ ರೊಟ್ಟಿಯೊಂದನ್ನು ಬೆಚ್ಚಗಾಗಲಿ ಎಂದು ಮುರಿದು ಅದರೊಳಗೆ ಇಟ್ಟಿದ್ದರಂತೆ.

“ಒಳಗ ಗಾಳಿ ಹಂಗ ಬೀಸತೈತ್ರಿ, ರೊಟ್ಟಿ ಎದ್ದು ಮ್ಯಾಲೆ ಹೋಗಿ ಕಾದ ಕಾಯಿಲ್ ತಂತಿಗೆ ಹತ್ತಿ ಕುಂತ ಬಿಡ್ತು. ಹೊಗಿ ಅಂದ್ರ ಹೊಗಿ. ನಲವತ್ತ ವರ್ಷ ರೊಟ್ಟಿ ಬಡದೇನಿ, ಹಾರಿ ಹೋದದ್ದು ಇದೊಂದ.”

ನಾನು ಮಾಸ್ತರರ ಕಡೆ ತಿರುಗಿದೆ. “ಮೂರೂ ಬಳಸಿ ನೋಡೀರಿ. ಖರೇ ಹೇಳ್ರಿ, ಯಾವುದು ಚಲೋ?”

ಮಾಸ್ತರು ಹೆಂಡತಿಯ ಮುಖ ನೋಡಿದರು, ಮೂರೂ ಪೆಟ್ಟಿಗೆ ನೋಡಿದರು, ಯೋಚಿಸಿ ಹೇಳಿದರು, “ಒಲಿ.”

ಚಾಚಾ ಹೇಳಿದ ಸತ್ಯ

ಕುಂದಗೋಳದಲ್ಲಿ ನಮ್ಮ ಓಣಿಯ ಟೇಲರ್ ಚಾಚಾ ಮನೆಯಲ್ಲೂ ಏರ್ ಫ್ರೈಯರ್ ಇತ್ತು. ಇವರು ನನ್ನ ಮೇಲೆ ಅನುಮಾನ ಪಡಲಿಲ್ಲ. ಆದ್ದರಿಂದ ನಾನೇ ಅವರ ಮೇಲೆ ಅನುಮಾನಪಟ್ಟೆ.

“ಕೇಕು, ನಾನಖಟಾಯಿ ಮಾಡೋರಿದ್ರ ದೊಡ್ಡ ಓವನ್ ತಗೊಳ್ರಿ,” ಎಂದರು ಚಾಚಾ, ಮಿಷನ್ ತುಳಿಯುವುದನ್ನು ನಿಲ್ಲಿಸದೆ. “ಬರೇ ಬಿಸಿ ಮಾಡಾಕ ಮೈಕ್ರೊವೇವ್ ಸಾಕು. ನಾಕ ಮಂದಿ ಮನಿ, ಆಲೂ, ಶೇಂಗಾ, ಚಿಕನ್ ಹಿಂಗ ಇದ್ರ ಇದು ಚಲೋ. ಲಗೂ ಆಗತೈತಿ. ಆದ್ರ ಹಸಿ ಹಿಟ್ಟನ್ಯಾಗ ಅದ್ದಿದ್ದು ಮಾತ್ರ ಹಾಕಬ್ಯಾಡ್ರಿ, ಸೋರತೈತಿ.”

ಇಷ್ಟು ಸರಳವಾಗಿ ಒಬ್ಬ ಮನುಷ್ಯ ನಿಜ ಹೇಳುತ್ತಾನೆಂದರೆ ಎಲ್ಲೋ ಏನೋ ಇದೆ. “ಒಮ್ಮೆ ಚಾಲೂ ಮಾಡಿ ತೋರಸ್ರಿ,” ಎಂದೆ. ಚಾಚಿ ಒಳಗೆ ಕೋಳಿ ಇಟ್ಟು ಸ್ವಿಚ್ ಒತ್ತಿದರು. ನಾನು ಹೊರಗೆ ಮೀಟರಿನ ಮುಂದೆ ನಿಂತು ದೀಪದ ಮಿಣುಕು ಎಣಿಸಿದೆ. ದೀಪ ಓಡಿತು. ಆದರೆ ಚಾಚಾ ಹೇಳಿದ ಹಾಗೆ ಲಗೂನೇ ನಿಂತಿತು. ದೊಡ್ಡ ಓವನ್ ಆಗಿದ್ದರೆ ಅಷ್ಟೊತ್ತಿಗೆ ಅದು ಕಾದು ಕೂಡ ಮುಗಿದಿರುತ್ತಿರಲಿಲ್ಲ.

ಚಾಚಿ ಕೆಂಪಗೆ ಹೊಳೆಯುವ ಕೋಳಿಯ ತಾಟು ಹೊರಗೆ ತಂದರು. ಚಾಚಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಹೆಂಗೈತ್ರಿ?”

“ಅದನ್ನ ಬಾಯಲೆ ಹೇಳಾಕ ಬರೂದಿಲ್ರಿ, ತಿಂದ ನೋಡಬೇಕು.”

ನಾನು ಕೊರಳಲ್ಲಿ ಲಿಂಗ ಕಟ್ಟಿದವ. ಊರಲ್ಲಿ ಸಿಕ್ಕ ಒಬ್ಬನೇ ಪ್ರಾಮಾಣಿಕ ಸಾಕ್ಷಿಯ ಪಾಟೀ ಸವಾಲು ಹೀಗೆ ಅರ್ಧಕ್ಕೇ ನಿಂತಿತು.

ನಮ್ಮ ಮನೆಯ ರೀಡಿಂಗ್

ಕೊನೆಗೆ ನಾವೂ ಏರ್ ಫ್ರೈಯರ್ ತಂದೆವು. ಚಾಚಾ ಬೇಡವೆಂದದ್ದನ್ನೇ ಮೊದಲು ಹಾಕಿದೆವು, ಯಾಕೆಂದರೆ ತಂದದ್ದೇ ಅದಕ್ಕಾಗಿ. ಡಬ್ಬಿ ಎಳೆದು ನೋಡಿದರೆ ಹಿಟ್ಟೆಲ್ಲ ಕೆಳಗೆ ಸೋರಿ ಹೆಪ್ಪುಗಟ್ಟಿತ್ತು. ಮೇಲೆ ಎರಡು ಮೆಣಸಿನಕಾಯಿ ಬರಿಮೈಯಲ್ಲಿ ಮಲಗಿದ್ದವು. ಬರಿ ಚುರುಮುರಿ ತಿಂದು ಚಹಾ ಕುಡಿದು ಎದ್ದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಮರುವಾರ ಅವಳೇ ಹೇಳಿದಳು, “ಅವತ್ತ ಹಿಟ್ಟಿನ ಹದಾ ತಪ್ಪಿತ್ತು. ಇವತ್ತ ಗಟ್ಟಿ ಕಲಸೇನಿ. ನೀವು ಹೊರಗ ಕುಂದರ್ರಿ, ಮುಂದ ನಿಂತು ಅನುಮಾನ ಮಾಡಿದ್ರ ಮಿಷನ್ ಕೆಡತೈತಿ.”

ಒಳಗೆ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಏರ್ ಫ್ರೈಯರಿನ ಡಬ್ಬಿಯಲ್ಲೇ ಎರಡು ಮಿರ್ಚಿ ತಂದು ಮುಂದಿಟ್ಟಳು. ಬಂಗಾರದ ಬಣ್ಣ, ಮೇಲೆ ಗರಿಗರಿ, ಒಳಗೆ ಮೆತ್ತಗೆ. ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ.

“ಆದ್ರ ವಾರಕ್ಕ ಒಂದ ದಿನಾ, ಎರಡ ಮಿರ್ಚಿ. ದಿನಾ ಓಡಸಿದ್ರ ಮಿಷನ್ ಸುಡತೈತಂತ,” ಎಂದಳು.

ಅಂದಿನಿಂದ ಹೋದ ಹೋದ ಮನೆಯಲ್ಲಿ ಏರ್ ಫ್ರೈಯರನ್ನು ಹೊಗಳಿದೆ. ತಿಂಗಳು ಕಳೆಯುವುದರೊಳಗೆ ಕುಬಿಹಾಳದ ಮಾಸ್ತರು ನನ್ನನ್ನು ದಾರಿಯಲ್ಲೇ ಹಿಡಿದರು.

“ನಿಮ್ಮ ಮಾತ ಕೇಳಿ ಮಿರ್ಚಿ ಹಾಕಿದ್ವಿ. ಹಿಟ್ಟ ಎಲ್ಲಾ ಕೆಳಗ! ನಿಮ್ಮೊಬ್ಬರ ಮಿಷನ್ನ್ಯಾಗ ಅದೆಂಗ ಬರತಾವ? ಅಂಗಡಿಯಾಂವ ಏನರ ಕೊಡ್ತಾನೇನ ನಿಮಗ?”

ನನ್ನ ಮೇಲಿನ ಅನುಮಾನ ನನಗೆ ಹೊಸದಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಆ ವಾರದ ಮಿರ್ಚಿಯ ದಿನ, ಒಳಗೆ ಗುಂಯ್ ಶುರುವಾದ ಕೂಡಲೇ ಸದ್ದಿಲ್ಲದೆ ಎದ್ದು ನಮ್ಮ ಮನೆಯ ಮೀಟರಿನ ಮುಂದೆ ಹೋಗಿ ನಿಂತೆ. ದೀಪ ಪಟಪಟ ಓಡಬೇಕಿತ್ತು. ಅದು ಆರಾಮವಾಗಿ, ಆಕಳಿಸಿದ ಹಾಗೆ, ಒಮ್ಮೊಮ್ಮೆ ಮಿನುಗುತ್ತಿತ್ತು. ಒಂದು ಫ್ಯಾನು, ಒಂದು ಬಲ್ಬು, ಅಷ್ಟೇ.

ಹಿತ್ತಲ ಕಿಟಕಿಗೆ ಹೋದೆ. ಗುಂಯ್ ಎನ್ನುತ್ತಿದ್ದುದು ಟೇಬಲ್ ಫ್ಯಾನು. ಏರ್ ಫ್ರೈಯರಿನ ವಯರು ಸುತ್ತಿ ಇಟ್ಟಿದ್ದಂತೆಯೇ ಇತ್ತು. ಗ್ಯಾಸಿನ ಮೇಲೆ ಸಣ್ಣ ಬಾಣಲೆ, ಅದರಲ್ಲಿ ಎರಡು ಮಿರ್ಚಿ. ಅವಳು ಒಂದೊಂದನ್ನೇ ತೆಗೆದು ಬಿಳಿ ಬಟ್ಟೆಯಲ್ಲಿ ಕೂಸಿನ ಮೈ ಒರೆಸಿದ ಹಾಗೆ ಒತ್ತಿ ಒತ್ತಿ ಎಣ್ಣೆ ತೆಗೆದು ಡಬ್ಬಿಯಲ್ಲಿ ಇಡುತ್ತಿದ್ದಳು. ಡಾಕ್ಟರಿಗೆ ಅಂಜಿ ಎರಡೇ, ನನ್ನ ಮೇಲಿನ ಕರುಳಿಗೆ ಎರಡಾದರೂ. ನನ್ನ ಎದೆ ತುಂಬಿ ಬಂತು. ಹೊಟ್ಟೆಗೆ ಮಾತ್ರ ಬೇರೆಯದೇ ಹೆದರಿಕೆ: ಬಾಯಿಬಿಟ್ಟರೆ ಇದೇ ಕೊನೆಯ ಮಿರ್ಚಿ.

ನಮ್ಮ ಕೆಲಸದಲ್ಲಿ ಒಂದು ಸೌಕರ್ಯವಿದೆ. ಮನೆಗೆ ಕೀಲಿ ಹಾಕಿದ್ದರೆ, ಬಿಲ್ಲಿನ ಮಿಷನ್ನಿನಲ್ಲಿ ರೀಡಿಂಗ್ ಬದಲು ‘ಡೋರ್ ಲಾಕ್’ ಎಂದು ಒತ್ತಿ ಮುಂದೆ ನಡೆಯುತ್ತೇವೆ. ಒಳಗೆ ಏನು ಓಡುತ್ತಿತ್ತು ಎಂದು ಯಾರೂ ಕೇಳುವುದಿಲ್ಲ.

ಬಂದು ಕುರ್ಚಿಯಲ್ಲಿ ಕೂತೆ. ಅವಳು ಡಬ್ಬಿ ತಂದಿಟ್ಟು ನನ್ನನ್ನೇ ದಿಟ್ಟಿಸಿದಳು.

“ಎಲ್ಲಿ ಹೋಗಿದ್ರಿ?”

“ಮೀಟರ್ ನೋಡಾಕ.”

ಅವಳ ಕೈ ಡಬ್ಬಿಯ ಮೇಲೇ ನಿಂತಿತು. “ಎಷ್ಟ ತೋರಸ್ತು?”

ನಾನು ಒಂದು ಮಿರ್ಚಿ ಎತ್ತಿಕೊಂಡೆ.

“ಡೋರ್ ಲಾಕ್.”